ಆಮ್ಲಜನಕ: ತಪ್ಪೊಂದು ಹೆಸರಾದ ಕಥೆ

ಕಳೆದ ಪರೀಕ್ಷೆಯ ಕಾಲದಲ್ಲಿ, ಇಲ್ಲಿಯ ಇಂಗ್ಲಿಷ್ ಶಾಲೆಗೆ ಹೋಗುವ ನನ್ನ ಮಗಳು ಆಕ್ಸಿಜನ್ನಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಕೇಳಿದಳು. ಊರಿನ ಶಾಲೆಯಲ್ಲಿ ಕಲಿತ 'ಆಮ್ಲಜನಕ'ವನ್ನು ಹೆಮ್ಮೆಯಿಂದಲೇ ಹೇಳಿದೆನು. "ಆಮ್ಲವೆಂದರೆ ಹುಳಿಯಲ್ಲವೇ ಅಪ್ಪಾ? ಉಸಿರಾಡುವ ಗಾಳಿ ಹುಳಿಯನ್ನು ಹುಟ್ಟಿಸುತ್ತದೆಯೇ?" ಎಂದಳು. ಬಿ.ಕಾಂ. ಓದಿದ ಬ್ಯಾಂಕಿನ ಗುಮಾಸ್ತನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ತರುವಾಯ ಹುಡುಕಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಈ ಅನಿಲವನ್ನು 1774ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಪಡೆದನು. ಸ್ವೀಡನ್ನಿನ ಷೀಲೆ ಅದಕ್ಕೂ ಮೊದಲೇ ಪಡೆದಿದ್ದನು. ಹೆಸರಿಟ್ಟವನು ಮಾತ್ರ ಫ್ರಾನ್ಸಿನ ಲವಾಸಿಯೆ. ಗಂಧಕ, ರಂಜಕಗಳನ್ನು ಸುಟ್ಟರೆ ತೂಕ ಹೆಚ್ಚುವುದನ್ನೂ, ಸುಟ್ಟು ಬಂದುದನ್ನು ನೀರಿನಲ್ಲಿ ಕರಗಿಸಿದರೆ ಆಮ್ಲವಾಗುವುದನ್ನೂ ಆತನು ಕಂಡನು. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ಬಗೆದು, ಗ್ರೀಕಿನ 'ಆಕ್ಸುಸ್' (ಹರಿತ, ಹುಳಿ) ಮತ್ತು ಹುಟ್ಟಿಸು ಎಂಬರ್ಥದ 'ಗೆನ್' ಧಾತುವನ್ನು ಕೂಡಿಸಿದನು. 1787ರಲ್ಲಿ ಆತನೂ ಮೂವರು ಸಂಗಡಿಗರೂ ಹೊರತಂದ ರಸಾಯನ ನಾಮಕರಣದ ಗ್ರಂಥದಲ್ಲಿ ಹೆಸರು ನೆಲೆಯಾಯಿತು. ಒಳಬಂದದ್ದೂ ಹೊರಹೋದದ್ದೂ ತಾಳೆಯಾಗಲೇಬೇಕೆಂದು ತಕ್ಕಡಿ ಹಿಡಿದು ಕುಳಿತ ಈತನು ನನಗೆ ನಮ್ಮವನೇ ಎನಿಸುತ್ತಾನೆ. 1788ರಲ್ಲಿ ಪ್ಯಾರಿಸ್ಸಿನ ಒಂದು ಬ್ಯಾಂಕಿನ ನಿರ್ದೇಶಕನೂ ಆಗಿದ್ದನೆಂದರೆ ಕೇಳಬೇಕೇ! ಆದರೆ ಅರಸನ ಪರವಾಗಿ ತೆರಿಗೆ ವಸೂಲು ಮಾಡುವ ಗುತ್ತಿಗೆಯಲ್ಲಿಯೂ ಪಾಲುದಾರನಾಗಿದ್ದನು. 1794ರಲ್ಲಿ ಕ್ರಾಂತಿಕಾರರು ಆತನ ತಲೆ ಕಡಿದರು.

ಲೆಕ್ಕದ ತಪ್ಪು ಹೊರಬಿದ್ದುದು ಆಮೇಲೆ. ಲ್ಯಾಟಿನ್ನಿನಲ್ಲಿ 'ಮುರಿಯಾ' ಎಂದರೆ ಉಪ್ಪುನೀರು. ಉಪ್ಪಿನಿಂದ ತೆಗೆಯುವ ಮ್ಯೂರಿಯಾಟಿಕ್ ಆಮ್ಲದಲ್ಲಿಯೂ ಆಮ್ಲಜನಕವಿರಲೇಬೇಕೆಂದು ಎಲ್ಲರೂ ನಂಬಿದ್ದರು. 1810ರಲ್ಲಿ ಹಂಫ್ರಿ ಡೇವಿ ಅದರಲ್ಲಿರುವುದು ಕ್ಲೋರಿನ್ ಮತ್ತು ಜಲಜನಕ ಮಾತ್ರವೆಂದು ಸಾರಿದನು. 1838ರಲ್ಲಿ ಜರ್ಮನಿಯ ಲೀಬಿಗ್, ಆಮ್ಲಗಳ ಗುಟ್ಟು ಜಲಜನಕದಲ್ಲಿದೆ ಎಂದನು.

ಅಷ್ಟರಲ್ಲಿ ಹೆಸರು ಬೇರೂರಿತ್ತು. ಜರ್ಮನರು ಅದನ್ನು 'ಹುಳಿವಸ್ತು' ಎಂದು ತಮ್ಮ ನುಡಿಗೆ ತಂದುಕೊಂಡರು; ನಮ್ಮವರು ಸಂಸ್ಕೃತದ ಎರಡು ಪದಗಳನ್ನು ಜೋಡಿಸಿ, ಲವಾಸಿಯೆಯ ತಪ್ಪನ್ನೂ ಚಾಚೂ ತಪ್ಪದೆ ಕನ್ನಡಿಸಿದರು!

'ಪ್ರಾಣವಾಯು' ಎನ್ನುವುದೇ ಮೇಲೆಂದು ಕೆಲವರೆನ್ನುವರು. ನನಗೆ ಹಾಗೆನಿಸದು. ವರ್ಷವೆಲ್ಲ 'ಆಕ್ಸಿಜನ್' ಎಂದು ಬರೆದ ಹುಡುಗಿಗೆ ಬಾರದ ಸಂಶಯ ಕನ್ನಡದ ಹೆಸರು ಕೇಳಿದೊಡನೆ ಬಂದಿತು.

ಈ ಕಥೆಯನ್ನೆಲ್ಲ ಹೇಳಿ ಮುಗಿಸಿದಾಗ ಅವಳು, "ಹಾಗಾದರೆ ಜಲಜನಕವೇ ನಿಜವಾದ ಆಮ್ಲಜನಕವಲ್ಲವೇ ಅಪ್ಪಾ?" ಎಂದಳು. ಹೌದೆಂದೆನು, ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬೇಡವೆಂದೆನು.