ಮುಂಗಾರು ಪೂರ್ವ ಹವಾಮಾನದ ಏರುಪೇರು: ಉಮ್ಮತ್ತೂರು, ಚಾಮರಾಜನಗರ ಮತ್ತು ಗುಂಡ್ಲುಪೇಟೆ ಭಾಗದ ರೈತರಿಗೆ ಮಾರ್ಗದರ್ಶಿ

ಪೀಠಿಕೆ

ಚಾಮರಾಜನಗರ ಜಿಲ್ಲೆಯು ಕರ್ನಾಟಕದ ದಕ್ಷಿಣ ಒಣ ವಲಯಕ್ಕೆ ಸೇರಿದೆ. ಈ ವಲಯದ ವಾರ್ಷಿಕ ಮಳೆಯ ಪ್ರಮಾಣ ಸುಮಾರು 670 ರಿಂದ 890 ಮಿ.ಮೀ. ರಾಜ್ಯದ ಅನೇಕ ಭಾಗಗಳಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಬೀಳುವ ಮಳೆಯು ಭೂಮಿ ಹದಗೊಳಿಸುವುದಕ್ಕಷ್ಟೇ ಬಳಕೆಯಾಗುತ್ತದೆ. ಉಮ್ಮತ್ತೂರು, ಸಂತೇಮರಹಳ್ಳಿ, ಗುಂಡ್ಲುಪೇಟೆ ಭಾಗಗಳಲ್ಲಿ ಇದೇ ಮಳೆಯನ್ನು ನಂಬಿ ಎಳ್ಳು, ಉದ್ದು, ಹೆಸರು, ಅಲಸಂದೆ, ಜೋಳ, ಹತ್ತಿ ಮತ್ತು ಸೂರ್ಯಕಾಂತಿಯ ಬಿತ್ತನೆ ನಡೆಯುತ್ತದೆ. ಅರಿಶಿನ ಮತ್ತು ಸಾಂಬಾರ್ ಈರುಳ್ಳಿಯ ನಾಟಿಯೂ ಆಗುತ್ತದೆ. ಇದೇ ಅವಧಿಯ ಬಿರುಗಾಳಿ ಮತ್ತು ಆಲಿಕಲ್ಲು ಗೊನೆ ಹೊತ್ತ ಬಾಳೆಯನ್ನು ನೆಲಕ್ಕುರುಳಿಸುತ್ತವೆ. ಆದುದರಿಂದ ಈ ಮೂರು ತಿಂಗಳ ಹವಾಮಾನವನ್ನು ಒಂದು ಪ್ರತ್ಯೇಕ ಹಂಗಾಮೆಂದೇ ಪರಿಗಣಿಸಿ ಯೋಜನೆ ರೂಪಿಸಿಕೊಳ್ಳುವುದು ಅವಶ್ಯ.

ಹವಾಮಾನ ಏಕೆ ಅಸ್ಥಿರವಾಗಿರುತ್ತದೆ?

ಮಾರ್ಚ್‌ನಿಂದ ಬಿಸಿಲು ತೀಕ್ಷ್ಣವಾಗಿ ದಖ್ಖನ್ ಪ್ರಸ್ಥಭೂಮಿಯ ನೆಲ ಕಾಯುತ್ತದೆ. ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಯಿಂದ ಬರುವ ತೇವಭರಿತ ಗಾಳಿ ಈ ಕಾದ ನೆಲದ ಮೇಲೆ ವೇಗವಾಗಿ ಮೇಲೇರಿ, ಮಧ್ಯಾಹ್ನದ ನಂತರ ಗುಡುಗಿನ ಮೋಡಗಳಾಗಿ ಬೆಳೆಯುತ್ತದೆ. ಕರಾವಳಿಯಲ್ಲಿ ಸಮುದ್ರದ ಸಾಮೀಪ್ಯದಿಂದ ಹಗಲು ಮತ್ತು ರಾತ್ರಿಯ ಉಷ್ಣಾಂಶದ ಅಂತರ ಕಡಿಮೆ. ಸುಮಾರು 800 ಮೀಟರ್ ಎತ್ತರದಲ್ಲಿರುವ ಗುಂಡ್ಲುಪೇಟೆಯಂತಹ ಒಳನಾಡಿನಲ್ಲಿ ಈ ಅಂತರ ಹೆಚ್ಚು. ಸುಡುಬಿಸಿಲಿನ ಮಧ್ಯಾಹ್ನದ ಬಳಿಕ ಒಂದು ಗುಡುಗು ಮಳೆ ಬಂದರೆ ಕೆಲವೇ ಹೊತ್ತಿನಲ್ಲಿ ಉಷ್ಣಾಂಶ ಹಲವು ಡಿಗ್ರಿಗಳಷ್ಟು ಕುಸಿಯುತ್ತದೆ. ಈ ಮಳೆ ಎಲ್ಲೆಡೆ ಸಮನಾಗಿ ಬೀಳುವುದಿಲ್ಲ; ಒಂದು ಗ್ರಾಮದಲ್ಲಿ ಹೊಲ ತುಂಬಿ ಹರಿದರೆ ಪಕ್ಕದ ಗ್ರಾಮದಲ್ಲಿ ಧೂಳೂ ಅಡಗಿರುವುದಿಲ್ಲ.

ಮೇ ತಿಂಗಳ ನಂತರದ ಸ್ಥಿತಿಯನ್ನೂ ಗಮನಿಸಬೇಕು. ನೈಋತ್ಯ ಮಾರುತವು ಪಶ್ಚಿಮ ಘಟ್ಟ ಹಾಗೂ ನೀಲಗಿರಿಯ ಇಳಿಜಾರಿನಲ್ಲಿ ಹೆಚ್ಚು ಮಳೆ ಸುರಿಸಿ ಪೂರ್ವಕ್ಕೆ ದಾಟುವಾಗ ತೇವಾಂಶ ಕಳೆದುಕೊಂಡಿರುತ್ತದೆ. ಹೀಗಾಗಿ ಈ ಮಳೆ ನೆರಳಿನ ಪ್ರದೇಶದಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಮಳೆ ಹೆಚ್ಚಿರುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಗಾಳಿ ಹೆಚ್ಚು, ಮಳೆ ಕಡಿಮೆ. ಏಪ್ರಿಲ್–ಮೇನಲ್ಲಿ ಬಿತ್ತಿದ ಬೆಳೆ ಹೂವಾಡುವುದು ಈ ಒಣ ಅವಧಿಯ ಸಮೀಪದಲ್ಲಿಯೇ. ಸಕಾಲದಲ್ಲಿ ಬಿತ್ತಿದ ಅಲ್ಪಾವಧಿ ದ್ವಿದಳ ಧಾನ್ಯ ಬೇಗ ಕೊಯ್ಲಿಗೆ ಬಂದರೆ, ಅದೇ ಹೊಲದಲ್ಲಿ ರಾಗಿ ಅಥವಾ ಹುರುಳಿಯನ್ನು ಎರಡನೆಯ ಬೆಳೆಯಾಗಿ ತೆಗೆಯಬಹುದು.

ಬಿತ್ತನೆಯ ನಿರ್ಧಾರ: ಪಂಚಾಂಗವೋ, ಮಣ್ಣಿನ ಹದವೋ?

ಅಶ್ವಿನಿ ಮಳೆ ಏಪ್ರಿಲ್ ಮಧ್ಯಭಾಗದಲ್ಲಿ, ಭರಣಿ ಏಪ್ರಿಲ್ ಕೊನೆಯ ವಾರದಲ್ಲಿ, ಕೃತ್ತಿಕೆ ಮೇ ಎರಡನೆಯ ವಾರದಲ್ಲಿ ಹುಟ್ಟುತ್ತವೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ನಾಣ್ಣುಡಿಯು ಏಪ್ರಿಲ್ ಕೊನೆ ಮತ್ತು ಮೇ ಆರಂಭದ ಮಳೆಯ ಮಹತ್ವವನ್ನು ಸರಿಯಾಗಿಯೇ ಗುರುತಿಸಿದೆ. ಆದರೆ ನಕ್ಷತ್ರದ ದಿನಾಂಕವು ಕಾಲವನ್ನು ತಿಳಿಸುತ್ತದೆಯೇ ಹೊರತು ಮಣ್ಣಿನಲ್ಲಿರುವ ತೇವವನ್ನು ತಿಳಿಸುವುದಿಲ್ಲ. ಮುಂಗಾರಿನ ಆಗಮನವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕೇರಳಕ್ಕೆ ಮುಂಗಾರು ಪ್ರವೇಶಿಸುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಜೂನ್ 8ರಂದು, 2024ರಲ್ಲಿ ಮೇ 30ರಂದು, 2025ರಲ್ಲಿ ಮೇ 24ರಂದು ಪ್ರವೇಶಿಸಿತು.

ಮೊದಲ ಮಳೆಗೆ ಗಾಳಿ ತಂಪಾಗುತ್ತದೆ, ಮಣ್ಣಿನ ವಾಸನೆ ಏಳುತ್ತದೆ. ಆದರೆ ಬೀಜಕ್ಕೆ ಬೇಕಾದ ತೇವ ಆಳಕ್ಕೆ ಇಳಿದಿರುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 5 ರಿಂದ 6 ಮಿ.ಮೀ. ನೀರು ಆವಿಯಾಗುತ್ತದೆ. ಉದಾಹರಣೆಗೆ, ಹದಿನೈದು ದಿನಗಳಲ್ಲಿ 8, 5 ಮತ್ತು 10 ಮಿ.ಮೀ.ನಂತೆ ಮೂರು ಮಳೆಯಾದರೆ ಒಟ್ಟು 23 ಮಿ.ಮೀ. ಎಂದು ಲೆಕ್ಕ ಸಿಗುತ್ತದೆ. ಆದರೆ ಪ್ರತಿ ಮಳೆಯ ನೀರೂ ಮುಂದಿನ ಮಳೆಗೆ ಮೊದಲೇ ಬಹುಪಾಲು ಆರಿಹೋಗಿರುತ್ತದೆ. ಒಂದೇ ಸಲ 25 ಮಿ.ಮೀ. ಮಳೆಯಾದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ದೊರೆತಂತಾಗಿ, ಉಳುಮೆಯಾದ ಕೆಂಪು ಮಣ್ಣು ಗೇಣುದ್ದದಷ್ಟು ನೆನೆಯುತ್ತದೆ. ಎರೆಮಣ್ಣಿಗೆ ಇದಕ್ಕಿಂತ ಹೆಚ್ಚು ಮಳೆ ಬೇಕು.

ಬಿತ್ತನೆಗೆ ಮೊದಲು ಈ ಕ್ರಮಗಳನ್ನು ಅನುಸರಿಸಬೇಕು:

1. ಹೊಲದ ಮೂರು ನಾಲ್ಕು ಕಡೆ 15 ಸೆಂ.ಮೀ. ಆಳದವರೆಗೆ ಅಗೆದು, ತಳದ ಮಣ್ಣನ್ನು ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಬೇಕು. ಉಂಡೆ ನಿಂತು, ಬೆರಳಿನಿಂದ ಒತ್ತಿದಾಗ ಪುಡಿಯಾದರೆ ಹದ ಸರಿಯಾಗಿದೆ. ಉಂಡೆ ಕಟ್ಟದಿದ್ದರೆ ಮತ್ತೊಂದು ಮಳೆಗೆ ಕಾಯಬೇಕು. ಅಂಟಿಕೊಂಡರೆ ಒಂದೆರಡು ದಿನ ಆರಲು ಬಿಡಬೇಕು.

2. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ, ಬದುಗಳನ್ನು ಸರಿಪಡಿಸಿಕೊಳ್ಳಬೇಕು. ಬಿರುಸು ಮಳೆಯ ನೀರು ಹರಿದುಹೋಗದೆ ಹೊಲದಲ್ಲಿಯೇ ಇಂಗುತ್ತದೆ.

3. ದ್ವಿದಳ ಧಾನ್ಯದ ಬೀಜಗಳಿಗೆ ಕೆ.ಜಿ.ಗೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ನಂತರ ರೈಜೋಬಿಯಂ ಜೀವಾಣು ಗೊಬ್ಬರದಿಂದ ಉಪಚರಿಸಿ ನೆರಳಿನಲ್ಲಿ ಒಣಗಿಸಿ ಬಿತ್ತಬೇಕು.

4. ಬೀಜವನ್ನೆಲ್ಲ ಒಂದೇ ದಿನ ಬಿತ್ತದೆ, ಮರುಬಿತ್ತನೆಗೆಂದು ಒಂದು ಭಾಗವನ್ನು ಉಳಿಸಿಕೊಳ್ಳುವುದು ಸೂಕ್ತ.

ಬಾಳೆ ತೋಟದ ರಕ್ಷಣೆ

ಬಾಳೆಯ ಬೇರು ಮೇಲ್ಪದರದಲ್ಲಿ ಹರಡಿರುತ್ತದೆ ಮತ್ತು ಗೊನೆಯ ಭಾರ ತುದಿಯಲ್ಲಿರುತ್ತದೆ. ನೆಲ ನೆನೆದಿರುವಾಗ ಬೀಸುವ ಗಾಳಿಗೆ ಗಿಡ ಬುಡಸಮೇತ ಮಗುಚುತ್ತದೆ. ಗೊನೆ ಹಾಕಿದ ಗಿಡ ಬಿದ್ದರೆ ಒಂದು ವರ್ಷದ ದುಡಿಮೆ ಒಂದು ಸಂಜೆಯಲ್ಲಿ ನಷ್ಟವಾಗುತ್ತದೆ. ನೇಂದ್ರ ಬೆಳೆದು ಕೇರಳದ ಓಣಂ ಮಾರುಕಟ್ಟೆಯನ್ನು ಎದುರುನೋಡುವವರಿಗೆ ಈ ಹಾನಿ ಇನ್ನೂ ಹೆಚ್ಚು.

ಮಾರ್ಚ್ ಅಂತ್ಯದೊಳಗೆ ಬುಡಕ್ಕೆ ಮಣ್ಣು ಏರಿಸಿ, ಗೊನೆ ಬಂದ ಗಿಡಗಳಿಗೆ ಬಿದಿರು ಅಥವಾ ಸರ್ವೆ ಕಂಬದ ಊರುಗೋಲು ಕೊಡಬೇಕು. ಗಾಳಿ ಮಳೆಯ ಮುನ್ಸೂಚನೆ ಇರುವ ದಿನ ನೀರು ಹಾಯಿಸಬಾರದು. ಹೊಸ ತೋಟಕ್ಕೆ ಗಾಳಿ ಬರುವ ದಿಕ್ಕಿನಲ್ಲಿ ಸರ್ವೆ, ಅಗಸೆ ಅಥವಾ ಗ್ಲಿರಿಸೀಡಿಯಾ ಸಾಲುಗಳನ್ನು ಬೆಳೆಸಬೇಕು. ಗಿಡ ಬಿದ್ದಲ್ಲಿ, ಮುಕ್ಕಾಲು ಭಾಗ ಬಲಿತ ಗೊನೆಗಳನ್ನು ಕೂಡಲೇ ಕೊಯ್ದು ಸಾಗಿಸಬೇಕು. ಮುರಿದ ದಿಂಡನ್ನು ಕತ್ತರಿಸಿ, ಒಂದು ಆರೋಗ್ಯವಂತ ಕಂದನ್ನು ಮಾತ್ರ ಉಳಿಸಿ ಗೊಬ್ಬರ ನೀಡಬೇಕು.

ಇತರ ಬೆಳೆಗಳು ಮತ್ತು ರೇಷ್ಮೆ

ಅರಿಶಿನ: ನೀರು ನಿಂತರೆ ಗೆಡ್ಡೆ ಕೊಳೆ ರೋಗ ಬರುತ್ತದೆ. ಏರುಮಡಿಗಳಲ್ಲಿ ರೋಗರಹಿತ ಗೆಡ್ಡೆಗಳನ್ನು ನಾಟಿ ಮಾಡಿ, ಬಸಿಗಾಲುವೆ ತೆಗೆಯಬೇಕು. 100 ಕೆ.ಜಿ. ಕೊಟ್ಟಿಗೆ ಗೊಬ್ಬರಕ್ಕೆ 1 ಕೆ.ಜಿ. ಟ್ರೈಕೋಡರ್ಮಾ ಬೆರೆಸಿ, ತೇವವಿರುವಂತೆ ನೆರಳಿನಲ್ಲಿ ವೃದ್ಧಿಪಡಿಸಿ ಮಣ್ಣಿಗೆ ಸೇರಿಸಬೇಕು.

ಸಾಂಬಾರ್ ಈರುಳ್ಳಿ: ಒಣ ಬಿಸಿಲಿನಲ್ಲಿ ಥ್ರಿಪ್ಸ್ ನುಸಿ, ಮಳೆಯ ನಂತರದ ತೇವದಲ್ಲಿ ನೇರಳೆ ಮಚ್ಚೆ ರೋಗ ಕಾಣಿಸುತ್ತದೆ. ರೋಗದ ಆರಂಭದಲ್ಲಿಯೇ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಜೊತೆಗೆ ಅಂಟು ದ್ರಾವಣ ಬೆರೆಸಿ ಸಿಂಪಡಿಸಬೇಕು. ಮಳೆಯ ಸೂಚನೆ ಇರುವಾಗ ಸಿಂಪರಣೆ ಮಾಡಬಾರದು.

ಟೊಮೆಟೊ: ಹಗಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಹೂ ಉದುರುತ್ತದೆ. ಹೊದಿಕೆ ಹಾಕಿ, ಬೆಳಗಿನ ಅಥವಾ ಸಂಜೆಯ ವೇಳೆ ಸ್ವಲ್ಪ ಸ್ವಲ್ಪವಾಗಿ ನೀರು ಕೊಡಬೇಕು.

ರೇಷ್ಮೆ: ಪ್ರೌಢ ಹುಳುಗಳಿಗೆ 23 ರಿಂದ 25 ಡಿಗ್ರಿ ಉಷ್ಣಾಂಶ ಸೂಕ್ತ. ಏರಿಳಿತ ಹೆಚ್ಚಾದಾಗ ಹಾಲುತೊಂಡೆ ಮತ್ತು ಸಪ್ಪೆ ರೋಗಗಳು, ತಂಪು ತೇವದ ವಾತಾವರಣದಲ್ಲಿ ಸುಣ್ಣಕಟ್ಟು ರೋಗ ತಲೆದೋರುತ್ತವೆ. ಬಿಸಿಲಿನಲ್ಲಿ ಸಾಕಣೆ ಮನೆಯ ಚಾವಣಿಗೆ ಗರಿ ಹೊದಿಸಿ ನೀರು ಚಿಮುಕಿಸಬೇಕು. ಮಳೆಯ ನಂತರ ಗಾಳಿಯಾಡಲು ಬಿಟ್ಟು, ಹಾಸಿಗೆಯ ಮೇಲೆ ಅರಳಿದ ಸುಣ್ಣದ ಪುಡಿ ಉದುರಿಸಬೇಕು. ಒದ್ದೆ ಸೊಪ್ಪನ್ನು ಕೊಡಬಾರದು.

ಜಾನುವಾರು ಮತ್ತು ಜೀವರಕ್ಷಣೆ

ಮೊದಲ ಮಳೆಗೆ ಚಿಗುರುವ ಜೋಳದ ಕೂಳೆ ಮತ್ತು ಬಾಡಿದ ಎಳೆಯ ಜೋಳದಲ್ಲಿ ಸಯನೈಡ್ ವಿಷವಿರುತ್ತದೆ. ಹಸಿದ ದನಗಳನ್ನು ಅಂತಹ ಹೊಲಕ್ಕೆ ಬಿಡಬಾರದು. ಮಳೆಗಾಲಕ್ಕೆ ಮೊದಲು ಗಂಟಲು ಬೇನೆ ಮತ್ತು ಚಪ್ಪೆ ರೋಗದ ವಿರುದ್ಧ ಲಸಿಕೆ ಹಾಕಿಸಬೇಕು.

ಈ ಅವಧಿಯ ಮಳೆ ಸಾಮಾನ್ಯವಾಗಿ ಸಿಡಿಲಿನೊಂದಿಗೆ ಬರುತ್ತದೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಕೆಲಸ ನಿಲ್ಲಿಸಿ ಪಕ್ಕಾ ಕಟ್ಟಡ ಸೇರಬೇಕು; ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಒಂಟಿ ಮರದ ಕೆಳಗೆ ನಿಲ್ಲುವುದು, ದನ ಕಟ್ಟುವುದು, ತಂತಿ ಬೇಲಿ ಅಥವಾ ಪಂಪ್‌ಸೆಟ್ ಮುಟ್ಟುವುದು ಅಪಾಯಕಾರಿ. ಬೆಳೆ ಹೋದರೆ ಮತ್ತೆ ಬಿತ್ತಬಹುದು. ದುಡಿಯುವ ಕೈ ಹೋದರೆ ಕುಟುಂಬಕ್ಕೆ ಪರಿಹಾರವಿಲ್ಲ.

ಮುನ್ಸೂಚನೆ ಮತ್ತು ಪರಿಹಾರ

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪನ ನಡೆಸುತ್ತದೆ. ಮಾಹಿತಿಗೆ ವರುಣಮಿತ್ರ ಸಹಾಯವಾಣಿಯನ್ನು ಸಂಪರ್ಕಿಸಬಹುದು. ಭಾರತೀಯ ಹವಾಮಾನ ಇಲಾಖೆಯ ಕೃಷಿ ಸಲಹೆಗಳು ಮೇಘದೂತ್ ಆ್ಯಪ್‌ನಲ್ಲಿಯೂ, ಸಿಡಿಲಿನ ಎಚ್ಚರಿಕೆ ದಾಮಿನಿ ಆ್ಯಪ್‌ನಲ್ಲಿಯೂ ದೊರೆಯುತ್ತವೆ.

ಫಸಲ್ ಬಿಮಾ ಯೋಜನೆಯಡಿ ನೋಂದಾಯಿಸಿದ ಬೆಳೆಗೆ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದಿಂದ ಹಾನಿಯಾದರೆ 72 ಗಂಟೆಯೊಳಗೆ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಸರ್ಕಾರದ ವಿಕೋಪ ಪರಿಹಾರಕ್ಕೆ ಶೇ. 33 ಅಥವಾ ಅದಕ್ಕಿಂತ ಹೆಚ್ಚಿನ ಬೆಳೆ ಹಾನಿ ದಾಖಲಾಗಿರಬೇಕು. ಆದ್ದರಿಂದ ಬಿದ್ದ ಗಿಡಗಳನ್ನು ತೆರವುಗೊಳಿಸುವ ಮೊದಲು ಛಾಯಾಚಿತ್ರ ತೆಗೆದು, ಗ್ರಾಮ ಆಡಳಿತಾಧಿಕಾರಿಗಳಿಗೆ ಮಾಹಿತಿ ನೀಡಬೇಕು. ಪಹಣಿಯಲ್ಲಿ ಬೆಳೆಯ ಹೆಸರು ಸರಿಯಾಗಿ ನಮೂದಾಗಿದೆಯೇ ಎಂಬುದನ್ನು ಹಂಗಾಮಿನ ಆರಂಭದಲ್ಲಿಯೇ ಪರಿಶೀಲಿಸಿಕೊಳ್ಳಬೇಕು.

ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರ, ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್ (1800-180-1551) ಅನ್ನು ಸಂಪರ್ಕಿಸಬಹುದು.