ಮೂಲೆ ಸೇರಿದವರ ಬರಹ

‘ಮೂಲೆ ಸೇರುವುದು’ ಎಂಬ ಮಾತಿನ ಅರ್ಥ ನಮ್ಮ ಕಡೆಯ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಸತ್ತವಳಿಗೆ ಹಬ್ಬವಿಲ್ಲ, ಆರತಿಯಿಲ್ಲ, ಎದುರಿಗೆ ಬಂದರೆ ಅಪಶಕುನ. ಮನೆ ತುಂಬ ಜನರಿದ್ದರೂ ಅವಳು ಒಂಟಿ. ಅದು ಅವಳು ಕೇಳಿ ಪಡೆದ ಏಕಾಂತವಲ್ಲ. ಅಂಥ ಮೂಲೆಯಲ್ಲೇ ಕೂತು ತಮ್ಮನ್ನು ತಾವು ಕಂಡುಕೊಂಡ ಒಬ್ಬರ ಬದುಕು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಅವರು ನಂಜನಗೂಡು ತಿರುಮಲಾಂಬಾ.

ಹುಟ್ಟಿದ್ದು 1887ರಲ್ಲಿ, ಸಂಪ್ರದಾಯಸ್ಥ ಶ್ರೀವೈಷ್ಣವ ಮನೆತನದಲ್ಲಿ. ಬಾಲ್ಯದಲ್ಲೇ ಮದುವೆ, 14ನೆಯ ವಯಸ್ಸಿಗೆ ವೈಧವ್ಯ. ಶಾಲೆಯ ಓದು ಅಲ್ಪ; ತಂದೆಯ ಪ್ರೋತ್ಸಾಹದಿಂದ ಉಳಿದದ್ದನ್ನು ಮನೆಯಲ್ಲೇ ಓದಿಕೊಂಡರು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು. ‘ಸುಶೀಲೆ’ ಕಾದಂಬರಿ ಜನಪ್ರಿಯವಾಯಿತು. ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು.

ವೈಧವ್ಯಕ್ಕೂ ಗ್ರಂಥಮಾಲೆಗೂ ನಡುವೆ ಸುಮಾರು 12 ವರ್ಷ. ಪುಸ್ತಕ ಅಚ್ಚಾದ ಇಸವಿಯನ್ನು ಇತಿಹಾಸ ಬರೆದಿಟ್ಟುಕೊಳ್ಳುತ್ತದೆ; ಆ 12 ವರ್ಷಗಳ ಮಧ್ಯಾಹ್ನಗಳನ್ನಲ್ಲ. ನನಗೆ ಬೇಕಾದ್ದು ಆ ಮಧ್ಯಾಹ್ನಗಳೇ. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದು ನಾವು ಸಲೀಸಾಗಿ ಹೇಳಿಬಿಡುವ ಉತ್ತರ ಆ ಹುಡುಗಿಗೆ ಇರಲಿಲ್ಲ. ಹಾಗಾದರೆ ನಾನು ಯಾರು ಎಂಬ ಪ್ರಶ್ನೆಯನ್ನು ಅವಳು ನೇರವಾಗಿಯೇ ಎದುರಿಸಬೇಕಾಯಿತು.

‘ಆದರೆ ಸುಶೀಲೆ ಬರೀ ಪತಿವ್ರತೆಯ ಕಥೆಯಲ್ಲವೇ? ಅಷ್ಟೆಲ್ಲ ಯೋಚಿಸಿ ಕಂಡದ್ದು ಇಷ್ಟೇನೇ?’ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ತಿರುಮಲಾಂಬಾ ಸಂಪ್ರದಾಯವನ್ನು ಧಿಕ್ಕರಿಸಿ ಬೀದಿಗಿಳಿದವರಲ್ಲ. ಆದರೆ ಕಥೆಯ ನಾಯಕಿಯನ್ನು ಬಿಟ್ಟು ಕಥೆ ಬರೆದವರನ್ನು ನೋಡಿ. ನಾಯಕಿಯ ಬದುಕೆಲ್ಲ ಗಂಡನ ಸುತ್ತ. ಬರೆದಾಕೆಯ ಬದುಕು ಬರಹದ ಸುತ್ತ. ವಿಧವೆಯರ ಮುಖ ನೋಡುವುದೇ ಅಪಶಕುನವೆನ್ನುತ್ತಿದ್ದ ಕಾಲದಲ್ಲಿ ಆಕೆ ತಮ್ಮ ಹೆಸರನ್ನು ಪುಸ್ತಕದ ಮೇಲೆ ಹಾಕಿ ಮನೆಮನೆಗೆ ಕಳಿಸಿದರು. ಮಾತಿನಲ್ಲಿ ಒಪ್ಪಿಕೊಂಡದ್ದನ್ನೆಲ್ಲ ಬಾಳಿನಲ್ಲಿ ಮೀರಿದರು. ತನ್ನನ್ನು ತಾನು ಅರಿಯುವುದು ಒಂದೇ ಏಟಿಗೆ ಆಗುವ ಕೆಲಸವಲ್ಲ. ಕೈ ಕೆಲವೊಮ್ಮೆ ಬುದ್ಧಿಗಿಂತ ಮುಂದೆ ಹೋಗುತ್ತದೆ.

ನಮ್ಮನ್ನು ಈಗ ಯಾರೂ ಮೂಲೆಗೆ ಕೂರಿಸುವುದಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಸಿಗುವ ಒಂದು ಗಂಟೆಯನ್ನು ನಾವೇ ಟಿವಿ ಹಾಕಿ ಕಳೆದುಬಿಡುತ್ತೇವೆ. ಸುಮ್ಮನೆ ಕೂತರೆ ಆ ಹಳೆಯ ಪ್ರಶ್ನೆ ಎದ್ದು ಬಂದೀತೆಂಬ ಅಳುಕು ನನಗೂ ಇದೆ. ಆದ್ದರಿಂದ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನಕ್ಕೆ ನಾಲ್ಕು ಸಾಲು ಬರೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರಿಗೂ ತೋರಿಸುವುದಲ್ಲವಾದ್ದರಿಂದ ಅಲ್ಲಿ ಒಳ್ಳೆಯವಳೆನಿಸಿಕೊಳ್ಳುವ ಹಂಗಿಲ್ಲ. ‘ಇವತ್ತು ನನಗೆ ಹೊಟ್ಟೆಕಿಚ್ಚಾಯಿತು’ ಎಂದು ಬರೆದ ದಿನ ಮನಸ್ಸು ಎಷ್ಟು ಹಗುರಾಯಿತು!

ತಿರುಮಲಾಂಬಾ ತೀರಿಕೊಂಡದ್ದು 1982ರಲ್ಲಿ. ಅದಕ್ಕೂ ಮೊದಲು ಎಷ್ಟೋ ವರ್ಷ ಸಾಹಿತ್ಯಲೋಕ ಅವರನ್ನು ಮರೆತೇಬಿಟ್ಟಿತ್ತು. ಆಮೇಲೆ ಬೆಂಗಳೂರಿನ ‘ಶಾಶ್ವತಿ’ ಅವರ ಹೆಸರಿನಲ್ಲಿ ಲೇಖಕಿಯರಿಗೊಂದು ಪ್ರಶಸ್ತಿ ಸ್ಥಾಪಿಸಿತು. ಪ್ರಶಸ್ತಿಯ ಮಾತು ಹಾಗಿರಲಿ, ಒಂದು ಗಂಟೆ ಮತ್ತು ಒಂದು ಖಾಲಿ ಹಾಳೆ ನಮಗೂ ಸಿಕ್ಕೀತಲ್ಲವೇ?