ಗಾಲಿಯೊಳಗಿನ ಮೋಟರ್: ಗೋಕಾಕದ ಏರು ಹತ್ತಲು ಚೀನಾದ ಅಪ್ಪಣೆ ಯಾಕೆ?

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳೋರು ಒಂದು ಚಾರ್ಜ್‌ಗೆ ಎಷ್ಟು ಕಿಲೋಮೀಟರ್ ಓಡುತ್ತೆ ಅಂತ ಕೇಳ್ತಾರೆ. ಮೋಟರ್ ಎಲ್ಲಿದೆ, ಅದರೊಳಗೆ ಏನಿದೆ ಅಂತ ಕೇಳೋರು ಕಡಿಮೆ.

ಟಿವಿಎಸ್ ಐಕ್ಯೂಬ್‌ನಂಥ ಸ್ಕೂಟರ್‌ಗಳಲ್ಲಿ ಮೋಟರ್ ಇರುವುದು ಹಿಂದಿನ ಗಾಲಿಯ ಒಳಗೇ. ಇದೇ ಹಬ್ ಮೋಟರ್. ನಡುವೆ ತಾಮ್ರದ ಸುರುಳಿ ಸುತ್ತಿದ, ತಿರುಗದ ಭಾಗ. ಅದರ ಸುತ್ತ ಗಾಲಿಯ ಜೊತೆ ತಿರುಗುವ ಉಂಗುರ, ಉಂಗುರದ ಒಳಮೈಗೆ ಸಾಲಾಗಿ ಅಂಟಿಸಿದ ಅಯಸ್ಕಾಂತಗಳು. ಚೈನ್, ಬೆಲ್ಟ್, ಗೇರ್ ಯಾವುದೂ ಬೇಡ. ಐಡಿಯಾ ಹೊಸದಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಫರ್ಡಿನಾಂಡ್ ಪೋರ್ಷೆ ರೂಪಿಸಿದ ಇಂಥ ಕಾರು ಇತ್ತು.

ಗೇರ್ ಇಲ್ಲದಿರುವುದೇ ಇದರ ಕಷ್ಟ ಕೂಡ. ಗೋಕಾಕ ಊರಿಂದ ಫಾಲ್ಸ್ ಕಡೆ ಇಬ್ಬರು ಹೊರಟಿದ್ದಾರೆ, ಸ್ಕೂಟರ್ ಸೇರಿ 250 ಕಿಲೋ, ರಸ್ತೆ ನೂರು ಮೀಟರ್‌ಗೆ ಹತ್ತು ಮೀಟರ್ ಏರುತ್ತೆ ಅಂತಿಟ್ಕೊಳ್ಳಿ. ಗಾಲಿಗೆ ಸುಮಾರು 60 ನ್ಯೂಟನ್ ಮೀಟರ್ ತಿರುಚುಬಲ ಬೇಕು. ಎಂಟು ಪಟ್ಟಿನ ಗೇರ್ ಇದ್ದರೆ ಮೋಟರ್‌ಗೆ ಏಳೆಂಟು ಸಾಕು. ಹಬ್ ಮೋಟರ್ ಆ ಅರವತ್ತನ್ನೂ ತಾನೇ ಕೊಡಬೇಕು. ಅಂದರೆ ದೊಡ್ಡ ಉಂಗುರ, ಹೆಚ್ಚು ತಾಮ್ರ, ಹೆಚ್ಚು ಅಯಸ್ಕಾಂತ. ಈ ಭಾರವೆಲ್ಲ ಸಸ್ಪೆನ್ಷನ್‌ಗಿಂತ ಕೆಳಗೆ ಕೂರುವುದರಿಂದ ಕಬ್ಬಿನ ಟ್ರ್ಯಾಕ್ಟರ್‌ಗಳು ಕೆಡಿಸಿದ ರಸ್ತೆಯ ಪ್ರತಿ ಗುಂಡಿಯೂ ನೇರ ಮೋಟರ್‌ಗೇ ಬಡಿಯುತ್ತೆ.

ಇನ್ನು ಬಿಸಿ. ನಿಧಾನವಾಗಿ ಏರು ಹತ್ತುವಾಗಲೇ ಕರೆಂಟ್ ಜಾಸ್ತಿ. ಕರೆಂಟ್ ಎರಡು ಪಟ್ಟಾದರೆ ತಾಮ್ರದ ಶಾಖ ನಾಲ್ಕು ಪಟ್ಟು. ಧೂಳು, ನೀರು ಹೋಗದಂತೆ ಮುಚ್ಚಿದ ಗಾಲಿಯಿಂದ ಆ ಶಾಖ ಸುಲಭಕ್ಕೆ ಹೊರಬರಲ್ಲ. ನಿಯೋಡಿಮಿಯಂ ಅಯಸ್ಕಾಂತ ಮಿತಿ ಮೀರಿ ಕಾದರೆ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತೆ. ತಡೆಯೋಕೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಬೆರೆಸ್ತಾರೆ.

ರಾಜಕೀಯ ಶುರುವಾಗೋದು ಇಲ್ಲಿಂದ. 2025ರ ಏಪ್ರಿಲ್ 4ರಂದು ಚೀನಾ ಇವೆರಡೂ ಸೇರಿ ಏಳು ವಿರಳ ಲೋಹಗಳಿಗೆ, ಅವು ಬೆರೆತ ಅಯಸ್ಕಾಂತಗಳಿಗೆ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಆಗಸ್ಟ್‌ನಲ್ಲಿ ಎಲೆಕ್ಟ್ರಿಕ್ ವಾಹನ ಉತ್ಪಾದನೆ ಶೂನ್ಯಕ್ಕಿಳಿಯಬಹುದು ಅಂತ ಬಜಾಜ್ ಆಟೋ ಜುಲೈನಲ್ಲೇ ಎಚ್ಚರಿಸಿತು. ಘಟಪ್ರಭೆ ಧುಮುಕುವ ಬಲವನ್ನೇ ನಂಬಿ 19ನೇ ಶತಮಾನದಲ್ಲೇ ನೂಲಿನ ಗಿರಣಿ ಕಟ್ಟಿದ ಊರು ಗೋಕಾಕ. ಇವತ್ತು ಸ್ಕೂಟರ್‌ಗೆ ಕರೆಂಟ್ ನಮ್ಮದೇ ಸಿಗುತ್ತೆ, ಅಯಸ್ಕಾಂತ ಸಿಗಲ್ಲ.

2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ತಡವಾದರೂ ಬೇಕಿತ್ತು. ಆದರೆ ಅಯಸ್ಕಾಂತವನ್ನೇ ಬಿಡುವ ದಾರಿಗೂ ಅಷ್ಟೇ ಹಣ, ಅಷ್ಟೇ ಗಮನ ಸಿಗಬೇಕು. ಅಗ್ಗದ ಫೆರೈಟ್ ಇದೆ, ಆದರೆ ಬಲ ಮೂರನೇ ಒಂದರಷ್ಟು. ಗಾಲಿಯೊಳಗೆ ಅಷ್ಟು ಜಾಗ ಎಲ್ಲಿ? ಬೆಂಗಳೂರಿನ ಚಾರಾ ಟೆಕ್ನಾಲಜೀಸ್ ವಿರಳ ಲೋಹವಿಲ್ಲದ ರಿಲಕ್ಟೆನ್ಸ್ ಮೋಟರ್ ಮಾಡ್ತಿದೆ. ಅಂಥ ಮೋಟರ್‌ಗೆ ತಿರುಗುವ ಮತ್ತು ತಿರುಗದ ಭಾಗಗಳ ನಡುವಿನ ಸಂದು ಒಂದು ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಗುಂಡಿಯ ಏಟು ತಿನ್ನುವ ಗಾಲಿಯಲ್ಲಿ ಆ ಸಂದು ಕಾಪಾಡೋದು ಕಷ್ಟ. ಹಾಗಾಗಿ ಸದ್ಯಕ್ಕೆ ಅದಕ್ಕೆ ಒಗ್ಗುವ ಜಾಗ ಸಸ್ಪೆನ್ಷನ್ ಮೇಲಿನ ಚಾಸಿ, ಜೊತೆಗೆ ಒಂದು ಗೇರ್.